ಮುನಿಯಮ್ಮನವರಿಗೆ ಹುಟ್ಟುಹಬ್ಬದ ಶುಭಾಶಯಗಳು

ಹೋದ ಆಷಾಢದಲ್ಲಿ ಇಲಾಖೆಯ ತರಬೇತಿಗೆಂದು ಕೋಲಾರಕ್ಕೆ ಹೋಗಿದ್ದೆ. ಸಂಜೆ ಬಸ್ ನಿಲ್ದಾಣದ ಕಡೆಗೆ ನಡೆದು ಬರುವಾಗ ಯಾರೋ ಒಬ್ಬರು ಅಂಗಡಿಯ ಷಟರಿಗೆ ನೀಲಿ ಬಣ್ಣ ಹೊಡೆಯುತ್ತಿದ್ದರು. ಆಯಿಲ್ ಪೇಂಟಿಗೆ ಟರ್ಪೆಂಟೈನ್ ಬೆರೆಸಿದ ವಾಸನೆ ಗಾಳಿಯಲ್ಲಿ ತೇಲಿ ಬಂದು ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ಶ್ರೀನಿವಾಸಪುರದ ಕಡೆಯ ಬಸ್ಸು ಹೊರಡುವುದರಲ್ಲಿದೆ ಎಂದು ಗೊತ್ತಿದ್ದೂ ಆ ಷಟರಿನ ಮುಂದೆ ಸುಮ್ಮನೆ ನಿಂತುಕೊಂಡೆ. ಆ ವಾಸನೆಯೊಳಗೆ ನನಗೆ ಇನ್ನೂ ಇಪ್ಪತ್ನಾಲ್ಕು ವರ್ಷ.

ಆಗ ನಾನು ಕೋಲಾರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನಮ್ಮೂರು ಆಂಧ್ರದ ಗಡಿಯ ನಂಗಲಿ. ಅಪ್ಪ ಹೈವೇ ಪಕ್ಕದಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಪ್ಪನ ಅಂಗಡಿಯಲ್ಲಿ ಡ್ರೈವರುಗಳು ಎಲ್ಲಿಂದ ಬಂದರೆ ಅಲ್ಲಿನ ಭಾಷೆ. ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದ ಮಗಳಿಗೆ ಒಂದು ನೌಕರಿ ಸಿಕ್ಕಿದ್ದೇ ಅಪ್ಪನಿಗೆ ದೊಡ್ಡ ಸಂಗತಿ. ಮುಂದಿನ ವರ್ಷ ಕಾಯಂ ಮಾಡುತ್ತೇವೆ ಎಂದು ಶಾಲೆಯ ಕಾರ್ಯದರ್ಶಿಯವರು ಬಾಯಿಮಾತಲ್ಲಿ ಹೇಳಿದ್ದರು. ನಾನು ಶಾಲೆಯ ಹಿಂದಿನ ಗಲ್ಲಿಯಲ್ಲಿ ಒಂದು ರೂಮು ಮಾಡಿಕೊಂಡು, ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಊರು ಸುತ್ತುತ್ತಿದ್ದೆ.

ಹಾಗೆ ಸುತ್ತುವಾಗ ಸಿಕ್ಕಿದ್ದು ಅನ್ವರಣ್ಣ. ಟೊಮೇಟೊ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ಸಣ್ಣ ಅಂಗಡಿ, ಅನ್ವರ್ ಆರ್ಟ್ಸ್. ಒಂದು ಕಾಲಕ್ಕೆ ಇಡೀ ಊರಿನ ಅಕ್ಷರವೆಲ್ಲ ಅವರ ಕೈಬರಹವಾಗಿತ್ತು. ದವಾಖಾನೆ, ಬಟ್ಟೆ ಅಂಗಡಿ, ವಕೀಲರ ಮನೆ, 'ಇಲ್ಲಿ ನಾಟಿಕೋಳಿ ಮೊಟ್ಟೆ ದೊರೆಯುತ್ತದೆ' ಎಲ್ಲವೂ ಅವರದೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಒಂದೊಂದಾಗಿ ಕಳಚಿಕೊಂಡಿತು. ಉಳಿದದ್ದು ಬೈಕುಗಳ ನಂಬರ್ ಪ್ಲೇಟು ಮಾತ್ರ. ಐವತ್ತು ದಾಟಿದ್ದ ಅನ್ವರಣ್ಣ ಆದರೂ ಬೆಳಿಗ್ಗೆ ಅಂಗಡಿ ತೆರೆದು, ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಇಟ್ಟು ಗಿರಾಕಿಗೆ ಕಾಯುತ್ತಿದ್ದರು.

ನನಗೆ ಮುಖ ಬರೆಯಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವರಿಗೆ ಅಕ್ಷರ ನೀರು ಕುಡಿದಷ್ಟು ಸುಲಭ, ಮುಖ ಮಾತ್ರ ಕೈಕೊಡುತ್ತಿತ್ತು. ಅವರು ಬರೆದ ಗಾಂಧೀಜಿ ಯಾವಾಗಲೂ ಅವರ ಮಾವನ ಹಾಗೆ ಕಾಣುತ್ತಿದ್ದರಂತೆ. ಹಾಗಾಗಿ ಸಂಜೆ ಹೊತ್ತು ನಾನು ಅಕ್ಷರ ಕಲಿಯುವುದು, ಅವರು ಕಣ್ಣು ಮೂಗು ಕಲಿಯುವುದು ಎಂದು ಒಪ್ಪಂದವಾಯಿತು.

"ಕ್ಷ ಬರೆಯೋವಾಗ ಉಸಿರು ಬಿಡ್ಬೇಡಿ ಟೀಚರಮ್ಮ. ಬಿಟ್ರೆ ಅದೂ ಬಿಟ್ಕೊಳ್ತದೆ" ಎನ್ನುತ್ತಿದ್ದರು.

ಆ ವರ್ಷ ಕೋಲಾರದಲ್ಲಿ ಮಳೆ ಸರಿಯಾಗಿ ಬರಲೂ ಇಲ್ಲ, ಬಿಡಲೂ ಇಲ್ಲ. ಆಷಾಢದ ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತಿತ್ತು. ಮಾರ್ಕೆಟ್ಟಿನ ಮುಂದೆ ಪೇರಿಸಿಟ್ಟ ಖಾಲಿ ಕ್ರೇಟುಗಳು ಉರುಳಿ ರಸ್ತೆಗೆ ಬರುತ್ತಿದ್ದವು. ನಡುನಡುವೆ ಜರಡಿ ಹಿಡಿದಂಥ ತುಂತುರು. ಟೊಮೇಟೊ ಸುಗ್ಗಿಯಾದ್ದರಿಂದ ರಸ್ತೆಯ ಎರಡೂ ಕಡೆ ಲಾರಿಗಳು, ಕೊಳೆತ ಹಣ್ಣಿನ ಹುಳಿ ವಾಸನೆ, ಹಣ್ಣು ಆರಿಸುವ ಹೆಂಗಸರ ಗಲಾಟೆ. ಅವರು ಬೆಳಕು ಹರಿಯುವ ಮೊದಲೇ ಸುತ್ತಲಿನ ಹಳ್ಳಿಗಳಿಂದ ಆಟೋಗಳಲ್ಲಿ ಬಂದು, ದಪ್ಪ ಹಣ್ಣು ಬೇರೆ, ಸಣ್ಣದು ಬೇರೆ, ಬಿರುಕು ಬಿಟ್ಟಿದ್ದು ಬೇರೆ ಎಂದು ವಿಂಗಡಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳಲು ಅನ್ವರಣ್ಣನ ಪಕ್ಕದ ಟೀ ಅಂಗಡಿಗೆ ಬರುತ್ತಿದ್ದರು.

ಅಂಥ ಒಂದು ದಿನ ಊರಿನ ಮುಖಂಡರೊಬ್ಬರ ಹುಟ್ಟುಹಬ್ಬ ಬಂತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಊರೆಲ್ಲ ಅವರೇ. ಕೈಮುಗಿದ ಅವರು, ಕನ್ನಡಕದ ಅವರು, ಹಿಂದೆ ಸಿಂಹವಿರುವ ಅವರು. ಕೆಳಗೆ ಶುಭ ಕೋರುವವರ ಮುಖಗಳು ಇಡ್ಲಿ ತಟ್ಟೆಯ ಕುಳಿಗಳಂತೆ ಸಾಲಾಗಿ. ಅದರಲ್ಲೊಂದು ಫ್ಲೆಕ್ಸನ್ನು ಅನ್ವರಣ್ಣನ ಅಂಗಡಿಯ ಹೆಸರೇ ಕಾಣದಂತೆ ಅಡ್ಡ ಕಟ್ಟಿದ್ದರು. ಅನ್ವರಣ್ಣ ಹೋಗಿ, "ಸ್ವಲ್ಪ ಆ ಕಡೆ ಸರಿಸ್ರಪ್ಪಾ, ಬೋರ್ಡು ಕಾಣಲ್ಲ" ಎಂದು ಕೇಳಿದರು.

"ನಿನ್ನ ಬೋರ್ಡು ಈಗ ಯಾರ್ ನೋಡ್ತಾರೆ ಸಾಬ್ರೇ?" ಎಂದ ಕಟ್ಟುತ್ತಿದ್ದವನು. ಬೈದದ್ದಲ್ಲ, ನಿಜವಾಗಿಯೇ ಕೇಳಿದ. ಅನ್ವರಣ್ಣ ಬಂದು ಸ್ಟೂಲಿನ ಮೇಲೆ ಕೂತರು.

ಟೀ ಕುಡಿಯುತ್ತಿದ್ದ ಮುನಿಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಹಣ್ಣು ಆರಿಸುವ ಹೆಂಗಸರಲ್ಲಿ ಅವಳೇ ಹಿರಿಯಳು. ಎತ್ತರದ ಆಳು, ಅವಳ ಧ್ವನಿ ಹರಾಜು ಕೂಗುವವರ ಧ್ವನಿಗಿಂತ ದೊಡ್ಡದು.

"ಈಯಪ್ಪ ಹುಟ್ಟಿದ್ದಕ್ಕೆ ಊರಿಗೆಲ್ಲ ಬಟ್ಟೆ ಕಟ್ಟವ್ರೆ" ಎಂದಳು. "ನಾನು ಯಾವತ್ತು ಹುಟ್ಟಿದ್ದು ಅಂತ ನಮ್ಮವ್ವಂಗೇ ಗೊತ್ತಿರ್ಲಿಲ್ಲ. ಹುಣಸೆ ಬಡಿಯೋ ಕಾಲ ಅಂತಿದ್ಲು. ಇಲ್ಲ ಕಣೇ, ಕಡ್ಲೆಕಾಯಿ ಕೀಳೋ ಕಾಲ ಅಂತ ನಮ್ಮಜ್ಜಿ."

ಅನ್ವರಣ್ಣ ಅವಳ ಕಡೆ ತಿರುಗಿದರು. "ಹಂಗಾದ್ರೆ ಬರೋ ಭಾನುವಾರ ಅನ್ಕೋ ಮುನೆಕ್ಕ."

"ಏನು?"

"ನೀನು ಹುಟ್ಟಿದ್ದು."

ಅಂಗಡಿಯ ಎದುರಿಗೆ, ರಸ್ತೆಯ ಆ ಬದಿಗೆ, ಮುಚ್ಚಿಹೋದ ಹಳೆಯ ರೇಷ್ಮೆ ಕಾರ್ಖಾನೆಯ ಉದ್ದನೆಯ ಕಾಂಪೌಂಡು ಗೋಡೆ ಇತ್ತು. ಅದರ ಮೇಲೆ ಮಾಸಿದ ಕೆಂಪು ಅಕ್ಷರದಲ್ಲಿ 'ಇಲ್ಲಿ ಬರೆಯಬಾರದು, ಭಿತ್ತಿಪತ್ರ ಅಂಟಿಸಬಾರದು, ಉಲ್ಲಂಘಿಸಿದರೆ ದಂಡ' ಎಂದಿತ್ತು. ಅನ್ವರಣ್ಣ ನನ್ನನ್ನು ಅದರ ಮುಂದೆ ನಿಲ್ಲಿಸಿ, "ಮುನೆಕ್ಕನ ಮುಖ ನೀವು ಬರೀರಿ. ಅಕ್ಷರ ನಂದು" ಎಂದರು.

"ಬರೆಯಬಾರದು ಅಂತ ಇದೆಯಲ್ಲ ಅನ್ವರಣ್ಣ?"

"ಅದನ್ನ ಬರ್ದಿದ್ದೂ ನಾನೇ. ಬರೆಯಬಾರ್ದು ಅಂತ ಬರೆಯೋಕೆ ನಂಗೆ ಕೆಲ್ಸ ಕೊಟ್ಟಿದ್ರು. ಅವತ್ತು ಅದು ಕೆಲ್ಸ, ಇವತ್ತು ಇದು ಕೆಲ್ಸ."

ನನಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚು ಆಸೆಯಾಗಿತ್ತು. ಅಷ್ಟು ದೊಡ್ಡ ಗೋಡೆ ನನಗೆ ಯಾವತ್ತೂ ಯಾರೂ ಕೊಟ್ಟಿರಲಿಲ್ಲ. ಶಾಲೆಯಲ್ಲಿ ನಾನು ಮಾಡುತ್ತಿದ್ದುದು ಮಕ್ಕಳಿಗೆ ಹೂಕುಂಡ ಬರೆಯಲು ಹೇಳಿಕೊಡುವುದು. ಪರೀಕ್ಷೆ ಹತ್ತಿರ ಬಂದರೆ ಆ ಪೀರಿಯಡ್ಡನ್ನೂ ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರು.

ಭಾನುವಾರ ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ ಬರೆದೆವು. ಅಂಗಡಿಯಲ್ಲಿ ಉಳಿದಿದ್ದ ಹಳೆಯ ಡಬ್ಬಿಗಳ ಬಣ್ಣವೆಲ್ಲ ಹೊರಗೆ ಬಂತು. ನಾನು ಏಣಿಯ ಮೇಲೆ ನಿಂತು ಮುನಿಯಮ್ಮನ ಮುಖ ಬರೆದೆ, ಮುಗಿದ ಕೈ ಬರೆದೆ, ಕೈಯಲ್ಲಿ ಟೊಮೇಟೊ ರಸದ ಕಲೆ ಬರೆದೆ. ಅನ್ವರಣ್ಣ ಸುತ್ತ ಚಿನ್ನದ ಬಣ್ಣದ ಅಂಚು ಕೊಟ್ಟು, ನೆರಳು ಬಿಟ್ಟ ದಪ್ಪ ಅಕ್ಷರದಲ್ಲಿ 'ಮುನಿಯಮ್ಮನವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಎಂದು ಬರೆದರು. ಕೆಳಗೆ, 'ಶುಭ ಕೋರುವವರು: ಟೊಮೇಟೊ ತಿನ್ನುವ ಸಮಸ್ತರು.'

ಕೆಲಸ ಮುಗಿಸಿ ಬಂದ ಮುನಿಯಮ್ಮ ಗೋಡೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಜೊತೆಯ ಹೆಂಗಸರು ನಕ್ಕರು, ತಳ್ಳಾಡಿದರು. ಅವಳು ನಗಲಿಲ್ಲ. ಗೋಡೆಯ ಹತ್ತಿರ ಹೋಗಿ, "ಮೂಗುಬಟ್ಟು ಎಲ್ಲಿ?" ಎಂದಳು.

"ನೀವು ಹಾಕಿಕೊಂಡಿಲ್ಲವಲ್ಲ ಅಕ್ಕ."

"ಕಳ್ದೋಗಿ ಎಷ್ಟೋ ವರ್ಸ ಆಯ್ತು. ಗೋಡೆ ಮೇಲಾದ್ರೂ ಇರ್ಲಿ, ಹಾಕ್ಬಿಡು ಕಣಮ್ಮ."

ಹಳದಿಯಲ್ಲಿ ಒಂದು ಚುಕ್ಕೆ ಇಟ್ಟೆ. ಆಮೇಲೆ ಅವಳು ನಕ್ಕಳು. ಟೀ ಅಂಗಡಿಯವನು ಎಲ್ಲರಿಗೂ ಬನ್ನು ಹಂಚಿದ. ಯಾರೋ ಗೋಡೆಯ ಬುಡದಲ್ಲಿ ತೆಂಗಿನಕಾಯಿ ಒಡೆದರು.

ಅಲ್ಲಿಗೆ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಆದರೆ ಮರುದಿನ ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಬೀದಿ ಗುಡಿಸುವ ಲಕ್ಷ್ಮೀದೇವಮ್ಮ ನಿಂತಿದ್ದರು. "ನಂದೂ ಗೊತ್ತಿಲ್ಲ ಸಾಬ್ರೇ, ಯಾವತ್ತು ಹುಟ್ಟಿದ್ದು ಅಂತ" ಎಂದರು. ಅವರ ನಂತರ ಕ್ರೇಟು ಹೊರುವ ಗಂಗಪ್ಪ. ಅವನಿಗೆ ತನ್ನ ಹಿಂದೆ ಸಿಂಹ ಬೇಕಿತ್ತು. ಅದನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದ ಅನ್ವರಣ್ಣ ಬರೆದು ಮುಗಿಸಿದಾಗ ಗಂಗಪ್ಪ ತಲೆ ವಾಲಿಸಿ ನೋಡಿದ.

"ಏನಣ್ಣ, ಮೇಕೆ ಥರ ಐತಲ್ಲ?"

"ಆಷಾಢ ಕಣೋ. ಸಿಂಹಾನೂ ಸೊರಗಿರ್ತದೆ" ಎಂದರು ಅನ್ವರಣ್ಣ.

ಶ್ರಾವಣ ಬರುವ ಹೊತ್ತಿಗೆ ಗೋಡೆಯ ಅರ್ಧ ತುಂಬಿತ್ತು. ಭಾನುವಾರಗಳಂದು ಜನ ನೋಡಲೆಂದೇ ಬರುತ್ತಿದ್ದರು. ಮಾಲೂರಿನಿಂದ ಒಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಒಂದೊಂದು ಹೆಸರನ್ನೂ ಓದಿಸಿದರು. ನನ್ನ ಉಗುರುಸಂದಿಯ ಬಣ್ಣ ಹೋಗುತ್ತಲೇ ಇರಲಿಲ್ಲ. ಹೆಂಗಸರು ಹುರಿದ ಕಡಲೆಕಾಯಿ, ಅವರೆಕಾಳಿನ ಉಸಲಿ ತಂದುಕೊಡುತ್ತಿದ್ದರು. ಏಣಿಯ ಮೇಲೆ ನಿಂತರೆ ಮಾರ್ಕೆಟ್ಟಿನ ತಗಡಿನ ಚಾವಣಿಗಳು, ಅದರಾಚೆ ಬೆಟ್ಟ, ಬೆಟ್ಟದ ಮೇಲೆ ಓಡುವ ಮೋಡಗಳ ನೆರಳು ಕಾಣುತ್ತಿತ್ತು. ಆ ಏಣಿಯ ಮೇಲೆ ನಾನು ಎಷ್ಟು ಸುಖವಾಗಿದ್ದೆನೆಂದರೆ, ಕೆಳಗೆ ಏನು ಹೊಗೆಯಾಡುತ್ತಿದೆ ಎಂಬುದರ ಕಡೆಗೆ ಗಮನವೇ ಇರಲಿಲ್ಲ.

ಮೊದಲು ಬಂದವರು ಮುಖಂಡರ ಕಡೆಯ ಹುಡುಗರು. ಬೈಕು ನಿಲ್ಲಿಸಿ, "ಅಣ್ಣಾವ್ರನ್ನ ಆಡ್ಕೊಳ್ತಿದೀರಾ?" ಎಂದು ಕೇಳಿದರು.

ಅನ್ವರಣ್ಣ ಕುಂಚ ಒರೆಸುತ್ತಾ, "ಅಣ್ಣಾವ್ರ ಹೆಸ್ರು ಈ ಗೋಡೆ ಮೇಲೆ ಎಲ್ಲಿದೆ ತೋರ್ಸಿ, ಅಳಿಸ್ಬಿಡ್ತೀನಿ" ಎಂದರು.

ಅವರಿಗೆ ತೋರಿಸಲಾಗಲಿಲ್ಲ. ಆದರೆ ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ನೋಡಿದರೆ ಮುನಿಯಮ್ಮನ ಮುಖದ ತುಂಬ ಯಾರೋ ಸಗಣಿ ಎರಚಿದ್ದರು. ಕೆಳಗೆ ಹೆಂಗಸರು ಗುಂಪಾಗಿದ್ದರು. ಮುನಿಯಮ್ಮ ಟೀ ಅಂಗಡಿಯಿಂದ ಒಂದು ಬಕೆಟ್ ನೀರು ತಂದು, ಕ್ರೇಟಿನ ಮೇಲೆ ಕ್ರೇಟು ಇಟ್ಟು ಹತ್ತಿ, ಸೆರಗು ನೆನೆಸಿ ಆ ಮುಖವನ್ನು ಒರೆಸತೊಡಗಿದಳು. ಎಳೆ ಮಗುವಿಗೆ ಎಣ್ಣೆ ನೀರು ಹಾಕುವಾಗ ಕಣ್ಣಿಗೆ ಇಳಿಯದಂತೆ ನೋಡಿಕೊಳ್ಳುತ್ತಾರಲ್ಲ, ಅಷ್ಟು ಮೆಲ್ಲಗೆ. ತೊಳೆದು ಇಳಿದವಳು ನನ್ನನ್ನು ನೋಡಿ, "ಬಣ್ಣ ಹೋಗಿಲ್ಲ ಬಿಡಮ್ಮ" ಎಂದು ನನಗೇ ಸಮಾಧಾನ ಹೇಳಿದಳು.

ಆ ವಾರವೇ ಕಾರ್ಯದರ್ಶಿಯವರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿ, ಕಾಫಿ ತರಿಸಿ ಮಾತಾಡಿದರು.

"ಚೆನ್ನಾಗಿ ಬರೀತೀರಿ. ನಾನೂ ಹೋಗಿ ನೋಡಿ ಬಂದೆ. ಆದ್ರೆ ಗೋಡೆ ನಿಮ್ಮದಲ್ಲವಲ್ಲ. ನಾಳೆ ಮಕ್ಕಳು ನಮ್ಮ ಸ್ಕೂಲಿನ ಗೋಡೆ ಮೇಲೆ ಗೀಚಿದ್ರೆ ನಾನು ಏನಂತ ಹೇಳ್ಲಿ? ಮೇಲಿಂದ ಫೋನು ಬರ್ತಾ ಇದೆ. ಇನ್ಮೇಲೆ ಆ ಕಡೆ ಹೋಗಲ್ಲ ಅಂತ ಒಂದು ಮಾತು ಹೇಳಿ, ಸಾಕು."

ಸೋಮವಾರ ಹೇಳುತ್ತೇನೆಂದು ಎದ್ದು ಬಂದೆ. ಅವರ ಮಾತಿನಲ್ಲಿ ನ್ಯಾಯವಿಲ್ಲ ಎಂದು ಹೇಳಲು ನನಗೆ ಆಗಲಿಲ್ಲ. ಆದರೆ ಫ್ಲೆಕ್ಸ್ ಕಟ್ಟಿದ ಕಂಬಗಳೂ ಕಟ್ಟಿದವರದಾಗಿರಲಿಲ್ಲ. ಅದನ್ನು ಅಲ್ಲಿ ಹೇಳಬೇಕಿತ್ತು. ಹೊಳೆದದ್ದು ರೂಮಿಗೆ ಬಂದ ಮೇಲೆ.

ಅಪ್ಪನಿಗೆ ಫೋನು ಮಾಡಿದೆ. ಆ ತುದಿಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಸದ್ದು. ಎಲ್ಲ ಕೇಳಿಸಿಕೊಂಡು, "ಎಂದುಕಮ್ಮಾ ನೀಕು ಇದೆಲ್ಲ? ನಿಂಗ್ಯಾಕೆ?" ಎಂದರು. ಸ್ವಲ್ಪ ಹೊತ್ತು ಕಂಪ್ರೆಸರ್ ಒಂದೇ ಮಾತಾಡಿತು. ಆಮೇಲೆ ಅವರೇ, "ಆಯಮ್ಮ ಖುಷಿಪಟ್ಲಾ?" ಎಂದು ಕೇಳಿದರು.

"ಯಾರು ನಾನ್ನಾ?" ಎಂದೆ; ಮನೆಯಲ್ಲಿ ಅಪ್ಪನನ್ನು ನಾವು ಕರೆಯುವುದು ಹಾಗೆ.

"ಅದೇ, ಟೊಮೇಟೊ ಆಯಮ್ಮ."

"ಹೂಂ."

"ಸರಿ ಬಿಡು. ಕೆಲ್ಸ ಹೋದ್ರೆ ಬಸ್ಸೆಕ್ಕೇಸಿ ಬಂದ್ಬಿಡು. ಮನೆ ಎಲ್ಲೂ ಹೋಗಿಲ್ಲ."

ಸೋಮವಾರಕ್ಕೆ ಮೊದಲೇ ವಿಷಯ ಇತ್ಯರ್ಥವಾಯಿತು. ನಗರಸಭೆಯ ಕಡೆಯಿಂದ ಒಬ್ಬ ಅಧಿಕಾರಿ ಅಂಗಡಿಗೆ ಬಂದು, ಭಾನುವಾರದೊಳಗೆ ಗೋಡೆ ಅಳಿಸಬೇಕು, ಇಲ್ಲದಿದ್ದರೆ ಕೇಸು ಹಾಕಿ ತಾವೇ ಆಳು ಕಳಿಸಿ ಅಳಿಸುತ್ತೇವೆ ಎಂದು ಹೇಳಿದರು. ಅನ್ವರಣ್ಣ ವಾದ ಮಾಡುತ್ತಾರೆಂದು ನಾನು ಕಾದೆ. ಅವರು, "ನಾನೇ ಅಳಿಸ್ತೀನಿ ಸಾರ್. ಸುಣ್ಣ ನೀವು ಕಳ್ಸಿ" ಎಂದರು.

ಅಧಿಕಾರಿ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಇಷ್ಟೇನಾ ಅನ್ವರಣ್ಣ? ಇಷ್ಟಕ್ಕೆ ಹೆದರ್ಬಿಟ್ರಾ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಟೀಚರಮ್ಮ, ನಾನು ಬೋರ್ಡು ಬರೆಯೋನು. ಅಂಗಡಿ ಕೈ ಬದಲಾಯ್ಸಿದ್ರೆ ನಾನು ಬರ್ದಿದ್ದನ್ನ ನಾನೇ ಒರೆಸಿ ಹೊಸ ಹೆಸ್ರು ಬರೀತಿದ್ದೆ. ಅಳಿಸೋದು ನಂಗೆ ಅಭ್ಯಾಸ. ಆದ್ರೆ ಮುನೆಕ್ಕನ ಮೇಲೆ ಕೂಲಿ ಆಳು ಬಂದು ಪೊರಕೇಲಿ ಸುಣ್ಣ ಬಳಿಯೋದನ್ನ ನೋಡೋ ಅಭ್ಯಾಸ ಇಲ್ಲ."

ಭಾನುವಾರ ಗಾಳಿ ಬಿದ್ದುಹೋಗಿತ್ತು. ಆ ಋತುವಿನಲ್ಲಿ ಮೊದಲ ಬಾರಿ ಮರದ ಎಲೆ ಅಲುಗದ ದಿನ. ಅಧಿಕಾರಿ, ಇಬ್ಬರು ಪೊಲೀಸರು, ಬೈಕಿನ ಹುಡುಗರು ಎಲ್ಲ ಬಂದು ನಿಂತಿದ್ದರು. ಅನ್ವರಣ್ಣ ಸುಣ್ಣ ಕದಡಿ, ಕುಂಚ ಅದ್ದಿ ಮುನಿಯಮ್ಮನ ಚಿತ್ರದ ಮುಂದೆ ಏಣಿ ಹಾಕಿದರು. ಎರಡು ಮೆಟ್ಟಿಲು ಹತ್ತಿ ಹಾಗೇ ನಿಂತುಬಿಟ್ಟರು. ಕೈ ಎತ್ತಲಿಲ್ಲ.

ಮಾರ್ಕೆಟ್ಟಿನ ಕಡೆಯಿಂದ ಹೆಂಗಸರು ಬಂದದ್ದು ಆಗ. ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು. ಕೈಯೆಲ್ಲ ಇನ್ನೂ ಕೆಂಪು. ಪೊಲೀಸರು ಮುಂದೆ ಬಂದರು, ಜಗಳವಾಗುತ್ತದೆಂದು ನಾನೂ ಎಣಿಸಿದೆ. ಮುನಿಯಮ್ಮ ಅವರ ಕಡೆ ನೋಡಲೇ ಇಲ್ಲ. ಏಣಿಯ ಹತ್ತಿರ ಹೋಗಿ ಕೈ ಚಾಚಿದಳು.

"ಇಳೀ ಅನ್ವರಣ್ಣ. ಕುಂಚ ಇತ್ಲಾಗ್ ಕೊಡು."

"ಯಾಕೆ ಮುನೆಕ್ಕ?"

"ನನ್ನ ಮೊಕ ನಾನೇ ಮುಚ್ಕೊಳ್ತೀನಿ. ಬೇರೆ ಯಾರೂ ಮುಟ್ಟೋದು ಬ್ಯಾಡ."

ಅವಳು ಏಣಿ ಹತ್ತಿದಳು. ಮೊದಲು ಹಣೆಗೆ, ಆಮೇಲೆ ಕೆನ್ನೆಗಳಿಗೆ. ಅವಸರ ಮಾಡಲಿಲ್ಲ, ಒಂದು ಹನಿ ಕೆಳಗೆ ಸೋರಲು ಬಿಡಲಿಲ್ಲ. ಕಣ್ಣುಗಳನ್ನು ಕೊನೆಗೆ ಇಟ್ಟುಕೊಂಡಳು. ಬೈಕಿನ ಹುಡುಗರಲ್ಲಿ ಒಬ್ಬ ತಲೆ ತಗ್ಗಿಸಿ ಗಾಡಿ ತಿರುಗಿಸಿಕೊಂಡು ಹೊರಟುಹೋದ. ಮುನಿಯಮ್ಮ ಇಳಿದು ಕುಂಚವನ್ನು ಲಕ್ಷ್ಮೀದೇವಮ್ಮನ ಕೈಗೆ ಕೊಟ್ಟಳು. ಲಕ್ಷ್ಮೀದೇವಮ್ಮ ಗಂಗಪ್ಪನಿಗೆ ಕೊಟ್ಟರು. ಹೀಗೆ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮುಖವನ್ನು ತಾವೇ ಮುಚ್ಚಿದರು. ಅಧಿಕಾರಿ ಟೋಪಿ ಇಲ್ಲದ ತಲೆಯ ಮೇಲೆ ಕೈ ಆಡಿಸಿಕೊಂಡು, "ಸಾಕು ಸಾಕು, ಮಿಕ್ಕಿದ್ದು ನಮ್ಮೋರು ಮಾಡ್ತಾರೆ" ಎಂದರು. ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಾಗಿತ್ತು. ಅನ್ವರಣ್ಣ ಅಂಗಡಿಯೊಳಗೆ ಹೋಗಿ ಒಳಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಭುಜ ಅಲುಗುತ್ತಿತ್ತು. ನಾನು ಒಳಗೆ ಹೋಗಲಿಲ್ಲ.

ಮರುದಿನ ಕಾರ್ಯದರ್ಶಿಯವರಿಗೆ ನಾನು, ಆ ಕಡೆ ಹೋಗುವುದಿಲ್ಲ ಎಂಬ ಆ ಮಾತು ಹೇಳಲಿಲ್ಲ. ಗೋಡೆಯೇ ಇಲ್ಲದ ಮೇಲೆ ಹೇಳಿದ್ದರೂ ನಡೆಯುತ್ತಿತ್ತು. ಕೆಲಸ ಹೋಯಿತು. ತಿಂಗಳ ಕೊನೆಗೆ ಟ್ರಂಕು ಕಟ್ಟಿಕೊಂಡು ನಂಗಲಿಗೆ ಹೊರಟೆ. ಬಸ್ ನಿಲ್ದಾಣಕ್ಕೆ ಮುನಿಯಮ್ಮ ಒಂದು ಚೀಲ ಟೊಮೇಟೊ ಹಿಡಿದು ಬಂದಿದ್ದಳು.

"ಊರೋರ್ದೆಲ್ಲ ಬರ್ದೆ. ನಿಂದು ಯಾವತ್ತಮ್ಮ ಹುಟ್ಟಿದಬ್ಬ?" ಎಂದು ಕಿಟಕಿಯ ಹೊರಗಿನಿಂದ ಕೇಳಿದಳು.

ಸಂಕ್ರಾಂತಿಯ ಮಾರನೆಯ ದಿನ ಎಂದೆ. ಬಸ್ಸು ಹೊರಟಿತು.

ಅನ್ವರಣ್ಣನ ಅಂಗಡಿಯನ್ನು ಮಾಲೀಕರು ಆ ವರ್ಷವೇ ಬಿಡಿಸಿದರು. ಅಪ್ಪನಿಗೆ ಹೇಳಿದಾಗ ಅವರು ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಇನ್ನೊಂದು ತಗಡಿನ ಚಪ್ಪರ ಇಳಿಸಿಕೊಟ್ಟರು. ಕೊನೆಯವರೆಗೂ ಅನ್ವರಣ್ಣ ನಂಗಲಿಯಲ್ಲೇ ಲಾರಿಗಳಿಗೆ ಅಕ್ಷರ ಬರೆದರು. ಅವರೂ ಅಪ್ಪನೂ ಸಂಜೆ ಒಂದೇ ಮಂಚದ ಮೇಲೆ ಕೂತು, ಒಬ್ಬರು ಉರ್ದು ಬೆರೆಸಿದ ಕನ್ನಡದಲ್ಲಿ, ಇನ್ನೊಬ್ಬರು ತೆಲುಗು ಬೆರೆಸಿದ ಕನ್ನಡದಲ್ಲಿ, ಹೋಗುವ ಲಾರಿಗಳ ಅಕ್ಷರಗಳ ತಪ್ಪು ಹಿಡಿಯುತ್ತಿದ್ದರು. ಅನ್ವರಣ್ಣ ಹೋದ ದಿನ ಅಪ್ಪ ಅಂಗಡಿ ತೆರೆಯಲಿಲ್ಲ.

ನನಗೆ ಕೆಲವು ವರ್ಷಗಳಾದ ಮೇಲೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶ್ರೀನಿವಾಸಪುರಕ್ಕೆ ಬಂದೆ. ಮದುವೆ, ಮಗು, ಹೂಕುಂಡದ ಪಾಠ. ಪ್ರತಿವರ್ಷ ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ ಯಾರದೋ ಫೋನಿನಿಂದ ಮುನಿಯಮ್ಮ ಕರೆ ಮಾಡುತ್ತಾಳೆ. ಅವಳಿಗೆ ಈಗ ಕೆಲಸ ಮಾಡಲಾಗುವುದಿಲ್ಲ, ಮಗಳ ಮನೆಯಲ್ಲಿದ್ದಾಳೆ. ಧ್ವನಿ ಮಾತ್ರ ಮಾರ್ಕೆಟ್ಟಿನದೇ. ಈ ವರ್ಷ ಕರೆ ಮಾಡಿದಾಗ ಕೇಳಿದಳು, "ಬರೀತಾ ಇದೀಯಾ?"

"ಎಲ್ಲಿ ಅಕ್ಕ, ಸ್ಕೂಲು, ಮನೆ ಇದ್ರಲ್ಲೇ ದಿನ ಆಗೋಗುತ್ತೆ."

"ಅಲ್ಲೇನು ಗೋಡೆ ಇಲ್ವಾ?" ಎಂದಳು.

ಅವತ್ತು ನಗುತ್ತಾ ಫೋನು ಇಟ್ಟಿದ್ದೆ. ಆದರೆ ಕೋಲಾರದಲ್ಲಿ ಆ ಷಟರಿನ ಮುಂದೆ ನಿಂತು ಬಂದ ಮೇಲೆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ಭಾನುವಾರ ನಮ್ಮ ಶಾಲೆಯ ಅಡುಗೆಕೋಣೆಯ ಹೊರಗೋಡೆಯ ಮೇಲೆ, ಬಿಸಿಯೂಟ ಮಾಡುವ ಪಾಪಮ್ಮನವರನ್ನು ಬರೆದೆ, ಸೌಟು ಹಿಡಿದು ನಿಂತಂತೆ, ಆಳೆತ್ತರಕ್ಕಿಂತ ದೊಡ್ಡದಾಗಿ. ಕುಂಚ ಹಿಡಿದು ಎಷ್ಟು ಕಾಲವಾಗಿತ್ತೆಂದರೆ ಸಂಜೆಯ ಹೊತ್ತಿಗೆ ಭುಜ ಎತ್ತಲಾಗುತ್ತಿರಲಿಲ್ಲ.

ಸೋಮವಾರ ಮುಖ್ಯೋಪಾಧ್ಯಾಯರು ಬಂದವರೇ ಗೋಡೆಯ ಮುಂದೆ ನಿಂತರು. ಮಕ್ಕಳು ಸುತ್ತ ಸೇರಿದ್ದರು. ಪಾಪಮ್ಮನವರು ಒಳಗೆ ಅಕ್ಕಿ ತೊಳೆಯುತ್ತಾ ಬಾಗಿಲಿನ ಸಂದಿಯಿಂದ ನೋಡುತ್ತಿದ್ದರು.

"ಯಾರನ್ನ ಕೇಳಿ ಬರೆದ್ರಿ ಮೇಡಂ ಇದನ್ನ?" ಎಂದರು.

"ಪಾಪಮ್ಮನವರನ್ನ ಕೇಳಿದೆ ಸರ್" ಎಂದೆ.